ಹುಲ್ಲು ಕಡಿಮೆಯಿಲ್ಲ, ಹಾಳಾಗುತ್ತಿದೆ: ಮಲೆನಾಡಿನ ಕೊಟ್ಟಿಗೆಗೆ ಒಣಮೇವು, ಹಸಿಮೇವು

ಪ್ರಶ್ನೆ: ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಒಂದೂವರೆ ಎಕರೆ ಗದ್ದೆ, ಒಂದು ಎಕರೆ ಅಡಿಕೆ ತೋಟ, ತೋಟದ ಮೇಲೆ ಎರಡು ಎಕರೆ ಬ್ಯಾಣ (ಹುಲ್ಲುಗಾವಲು) ಇದೆ. ಎರಡು ಜರ್ಸಿ ಮಿಶ್ರತಳಿ ಹಸು, ಒಂದು ಮಲೆನಾಡು ಗಿಡ್ಡ. ಕೆಲಸಕ್ಕೆ ನಾನು, ನನ್ನ ಹೆಂಡತಿ ಇಬ್ಬರೇ. ಈ ಸಲ ಭತ್ತವನ್ನು ಮಿಷನ್ನಿನಲ್ಲಿ ಕೊಯ್ಸಿ ಹುಲ್ಲನ್ನು ರೋಲ್ ಮಾಡಿಸಿದೆವು. ಶಿವರಾತ್ರಿ ಹೊತ್ತಿಗೆ ಅರ್ಧದಷ್ಟು ರೋಲ್ ಒಳಗೆ ಬೂಷ್ಟು ಹಿಡಿದಿದೆ. ಹಸುಗಳು ಮೂಸಿ ಬಿಡುತ್ತವೆ. ಬ್ಯಾಣದ ಕರಡವನ್ನು (ಗುಡ್ಡದ ಹುಲ್ಲು) ಜನವರಿಯಲ್ಲಿ ಕೊಯ್ದೆವು, ಅದನ್ನೂ ಮನಸ್ಸಿಟ್ಟು ತಿನ್ನುತ್ತಿಲ್ಲ. ಹಾಲು ಇಳಿದಿದೆ. ಯುಗಾದಿಯೊಳಗೆ ಗದ್ದೆಗೆ ಮೆಕ್ಕೆಜೋಳ ಹಾಕಲಾ, ನೇಪಿಯರ್ ಹುಲ್ಲು ನೆಡಲಾ? ಬಾವಿ ಏಪ್ರಿಲ್‌ನಲ್ಲಿ ತಳ ಕಾಣುತ್ತದೆ. ಮುಂದಿನ ವರ್ಷ ಹುಲ್ಲನ್ನು ಯಾವಾಗ, ಹೇಗೆ ಕೊಯ್ಯಬೇಕು? ಇನ್ನೊಂದು ಹಸು ತರುವ ಯೋಚನೆಯೂ ಇದೆ.

ಉತ್ತರ: ಮೊದಲು ಆ ಬೂಷ್ಟು ಹಿಡಿದ ರೋಲ್‌ಗಳ ವಿಷಯ. ಅವನ್ನು ಹಸುವಿಗೆ ಹಾಕಬೇಡಿ. ಬಿಸಿಲಿಗೆ ಒಣಗಿಸಿ, ಕೊಡವಿ, ಉಪ್ಪುನೀರು ಚಿಮುಕಿಸಿ ಹಾಕಿದರೆ ತಿನ್ನುತ್ತವೆ ಎಂದು ಯಾರಾದರೂ ಹೇಳಿರಬಹುದು. ತಿನ್ನಬಹುದು. ಆದರೆ ಬಿಸಿಲಿಗೆ ಬೂಷ್ಟಿನ ವಾಸನೆ ಹೋಗುತ್ತದೆಯೇ ಹೊರತು ಅದು ಬಿಟ್ಟ ವಿಷ ಹೋಗುವುದಿಲ್ಲ. ಕೆಲವು ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ಇನ್ನು ಕೆಲವು ಹಸುವಿನ ಕಿವಿ, ಬಾಲದ ತುದಿಗೆ ರಕ್ತ ಹೋಗದಂತೆ ಮಾಡಿ ಅಲ್ಲಿ ಒಣಗಿಸಿ ಕೊಳೆಸುತ್ತವೆ. ಗಬ್ಬದ ಹಸು ಇದ್ದರಂತೂ ಹತ್ತಿರ ಸುಳಿಯಲೂ ಬಿಡಬೇಡಿ. ರೋಲ್ ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಪುಡಿ ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಕೆಟ್ಟದ್ದನ್ನೆಲ್ಲ ಅಡಿಕೆ ಮರದ ಬುಡಕ್ಕೆ ಮುಚ್ಚಿಗೆ ಹಾಕಿ. ಬೇಸಿಗೆಯಲ್ಲಿ ತೋಟದ ತೇವವಾದರೂ ಉಳಿಯಲಿ. ಒಂದು ರೋಲಿನಲ್ಲಿ ಹೊರಸುತ್ತು ಚೆನ್ನಾಗಿದ್ದು ನಡುವೆ ಮಾತ್ರ ಕಪ್ಪಾಗಿದ್ದರೆ, ಹೊರಸುತ್ತನ್ನು ಬೇರೆ ಮಾಡಿ ಮೂಸಿ ನೋಡಿ. ಮುಗ್ಗಲು ವಾಸನೆ ಇಲ್ಲ ಅಂದರೆ ಹಾಕಬಹುದು.

ಈಗ ನಿಮ್ಮ ಲೆಕ್ಕ ನೋಡೋಣ. ಹಸುವಿಗೆ ದಿನಕ್ಕೆ ಅದರ ತೂಕದ ಶೇ. 3ರಷ್ಟು ಒಣ ಅಂಶ ಬೇಕು, ಅಂದರೆ ನೀರು ಕಳೆದು ಉಳಿಯುವ ಮೇವು. ನಿಮ್ಮ ಜರ್ಸಿಗಳು ತಲಾ 350 ಕೆಜಿ ಇವೆ ಅಂದುಕೊಂಡರೆ ಎರಡಕ್ಕೂ ಸೇರಿ 20 ಕೆಜಿ ಚಿಲ್ಲರೆ. ಗಿಡ್ಡಕ್ಕೆ ಮೂರು-ಮೂರೂವರೆ ಕೆಜಿ ಸಾಕು. ಇದರಲ್ಲಿ ಅರ್ಧದಷ್ಟು ಒಣಹುಲ್ಲಿನಿಂದ, ಉಳಿದದ್ದು ಹಸಿಮೇವು, ಹಿಂಡಿ, ಬೂಸಾದಿಂದ ಬಂದರೆ ಹಾಲು ಹಿಡಿದುಕೊಳ್ಳುತ್ತದೆ. ಅಂದರೆ ದಿನಕ್ಕೆ 12 ಕೆಜಿ ಒಣಹುಲ್ಲು. ಡಿಸೆಂಬರ್ ನಡುವಿನಿಂದ ಜೂನ್ ನಡುವಿನವರೆಗೆ ಆರು ತಿಂಗಳಿಗೆ ಎರಡು ಟನ್ನಿಗೆ ಸ್ವಲ್ಪ ಮೇಲೆ. ಮಳೆಗಾಲದಲ್ಲಿ ಹಸಿಹುಲ್ಲಿನ ಜೊತೆ ಒಂದಿಷ್ಟು ಒಣಹುಲ್ಲು ಬೇಕೇ ಬೇಕು, ಅದನ್ನೂ ಸೇರಿಸಿ. ವರ್ಷಕ್ಕೆ ಮೂರು ಟನ್.

ನಿಮ್ಮಲ್ಲಿ ಎಷ್ಟಿದೆ? ಎಕರೆಗೆ 18–20 ಕ್ವಿಂಟಲ್ ಭತ್ತ ಬಂದರೆ ಹುಲ್ಲೂ ಹೆಚ್ಚುಕಡಿಮೆ ಅಷ್ಟೇ ತೂಕ ಬರುತ್ತದೆ. ಒಂದೂವರೆ ಎಕರೆಗೆ ಮೂರು ಟನ್ ಹತ್ತಿರ. ಆದರೆ ಇದು ಕುಡುಗೋಲಿನಲ್ಲಿ ಬುಡಕ್ಕೆ ಕೊಯ್ದರೆ. ಮಿಷನ್ನು ಮೊಳದುದ್ದ ಕೂಳೆ ಬಿಟ್ಟು ಕೊಯ್ಯುತ್ತದೆ, ಪುಡಿಯಾಗಿ ಬಿದ್ದದ್ದು ರೋಲಿಗೆ ಸಿಗುವುದಿಲ್ಲ. ಅರ್ಧ ಗದ್ದೆಯಲ್ಲೇ ಉಳಿಯುತ್ತದೆ ಅನ್ನಿ, ಕೈಗೆ ಬರುವುದು ಒಂದೂವರೆ ಟನ್. ಬ್ಯಾಣದಲ್ಲಿ ಹುಲ್ಲು ದಟ್ಟವಾಗಿದ್ದರೆ ಎಕರೆಗೆ ಒಂದು ಟನ್ ಆಸುಪಾಸು ಒಣಹುಲ್ಲು ಸಿಗುತ್ತದೆ, ಎರಡು ಎಕರೆಗೆ ಎರಡು ಟನ್. ಎರಡೂ ಸೇರಿದರೆ ಮೂರೂವರೆ ಟನ್ ಆಯ್ತಲ್ವಾ? ನಿಮಗೆ ಹುಲ್ಲು ಕಡಿಮೆ ಬಿದ್ದಿಲ್ಲ. ಭತ್ತದ ಹುಲ್ಲಿನಲ್ಲಿ ಅರ್ಧ ಬೂಷ್ಟಿಗೆ ಹೋಯಿತು, ಬ್ಯಾಣದ ಕರಡ ಕೊಯ್ಯುವ ಹೊತ್ತಿಗೆ ಕಡ್ಡಿಯಾಗಿತ್ತು. ಅದಕ್ಕೇ ಹಸಿಮೇವು ಬಿತ್ತುವ ಮಾತಿಗಿಂತ ಒಣಹುಲ್ಲಿನ ಮಾತು ದೊಡ್ಡದು. ಆದರೂ ಬಿತ್ತನೆಗೆ ಇದೇ ಕಾಲ, ಹುಲ್ಲಿಗೆ ಇನ್ನೂ ಏಳೆಂಟು ತಿಂಗಳಿದೆ. ಹಾಗಾಗಿ ಬಿತ್ತನೆಯನ್ನೇ ಮೊದಲು ಹೇಳುತ್ತೇನೆ.

ಬೇಸಿಗೆ ಬಿತ್ತನೆಯನ್ನು ಗದ್ದೆ ಎಷ್ಟಿದೆ ಅಂತ ನೋಡಿ ಮಾಡಬಾರದು, ಬಾವಿ ನೋಡಿ ಮಾಡಬೇಕು. ಹತ್ತು ಗುಂಟೆ ಅಂದರೆ ಸಾವಿರ ಚದರ ಮೀಟರ್. ಅದಕ್ಕೆ ಒಂದು ಸಲ ಐದು ಸೆಂಟಿಮೀಟರ್ ನೀರು ನಿಲ್ಲಿಸಲು 50,000 ಲೀಟರ್ ಬೇಕು. ಎಂಟು-ಹತ್ತು ದಿನಕ್ಕೊಮ್ಮೆ ಇಷ್ಟು. ನಿಮ್ಮ ತೋಟದ ಕಡೆ ನೋಡಿ: ಎಕರೆಗೆ 550 ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16–20 ಲೀಟರ್. ದಿನಕ್ಕೆ ಹತ್ತು ಸಾವಿರ ಲೀಟರ್ ತೋಟಕ್ಕೇ ಹೋಯಿತು. ಏಪ್ರಿಲ್‌ನಲ್ಲಿ ತಳ ಕಾಣುವ ಬಾವಿ ಈ ಎರಡನ್ನೂ ಸಾಕುತ್ತದಾ? ಇಲ್ಲ. ಜೋಳ ಮೊಣಕಾಲೆತ್ತರ ಬಂದಾಗ ನೀರು ನಿಂತರೆ ಬೀಜದ ದುಡ್ಡು, ಉಳುಮೆ ದುಡ್ಡು ಎರಡೂ ಮಣ್ಣುಪಾಲು.

ಅದಕ್ಕೇ ಐದು ಗುಂಟೆ ಸಾಕು ಅನ್ನುತ್ತೇನೆ. ಬೈಲಿನ ಕೆಳಗಿನ ಗದ್ದೆ, ಈಗಲೂ ಕಾಲಿಟ್ಟರೆ ತಣ್ಣಗಿರುತ್ತಲ್ಲ, ಅದನ್ನು ಆರಿಸಿ. ಮೇಲಿನ ಮಕ್ಕಿ ಗದ್ದೆ ಬೇಡ. ಆಫ್ರಿಕನ್ ಟಾಲ್ ಎಂಬ ಮೇವಿನ ಮೆಕ್ಕೆಜೋಳ ಎಲ್ಲ ಕಡೆ ಸಿಗುತ್ತದೆ, ಎಕರೆಗೆ 16–20 ಕೆಜಿ ಬೀಜ, ಐದು ಗುಂಟೆಗೆ ಎರಡರಿಂದ ಎರಡೂವರೆ ಕೆಜಿ. ಮೂರು ಸಾಲು ಜೋಳಕ್ಕೆ ಒಂದು ಸಾಲು ಅಲಸಂದೆ ಹಾಕಿ. ಅಲಸಂದೆಯಲ್ಲಿ ಪ್ರೋಟೀನ್ ಜಾಸ್ತಿ, ಹಿಂಡಿ ಖರ್ಚು ಸ್ವಲ್ಪ ಇಳಿಯುತ್ತದೆ, ಗದ್ದೆಗೂ ಸಾರಜನಕ ಸಿಗುತ್ತದೆ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ.

ಒಂದೇ ದಿನ ಪೂರ್ತಿ ಬಿತ್ತಬೇಡಿ. ಅರ್ಧ ಈಗ, ಇನ್ನರ್ಧ ಹದಿನೈದು ದಿನ ಬಿಟ್ಟು. ಮೆಕ್ಕೆಜೋಳ ಕೊಯ್ಯುವ ಹದ ತೆನೆಗೆ ರೇಷ್ಮೆ ಬಂದು ಕಾಳಲ್ಲಿ ಹಾಲು ತುಂಬುವ ಹೊತ್ತು. ಬಿತ್ತಿ 60–70 ದಿನ. ಆ ಹದ ಎರಡು ವಾರ ನಿಲ್ಲುತ್ತದೆ, ಆಮೇಲೆ ದಂಟು ಗಟ್ಟಿಯಾಗಿ ಹಸು ಎಲೆ ಮಾತ್ರ ತಿಂದು ದಂಟು ಬಿಡುತ್ತದೆ. ಎರಡು ಕಂತಿನಲ್ಲಿ ಬಿತ್ತಿದರೆ ನಾಲ್ಕು ವಾರಕ್ಕೂ ಹೆಚ್ಚು ಹದವಾದ ಮೇವು. ಐದು ಗುಂಟೆಗೆ ಎರಡು ಟನ್‌ವರೆಗೆ ಹಸಿಮೇವು ಬರಬಹುದು. ಮೂರೂ ಹಸುಗಳಿಗೆ ಸೇರಿ ದಿನಕ್ಕೆ 45–50 ಕೆಜಿ ಹಾಕಿದರೆ ಮೇ ತಿಂಗಳು ದಾಟುತ್ತದೆ. ಮಲೆನಾಡಿನಲ್ಲಿ ಹಸು ಸೊರಗುವುದೇ ಆ ತಿಂಗಳು. ಬ್ಯಾಣ ಬೋಳಾಗಿರುತ್ತದೆ, ಮೊದಲ ಮಳೆಯ ಚಿಗುರು ಇನ್ನೂ ಬಂದಿರುವುದಿಲ್ಲ.

ಮೆಕ್ಕೆಜೋಳದ ಬದಲು ಮೇವಿನ ಬಿಳಿಜೋಳ ಹಾಕಿ ಅನ್ನುವವರಿದ್ದಾರೆ. ಅದಕ್ಕೆ ನೀರು ಕಡಿಮೆ ಸಾಕು, ನಿಜ. ಆದರೆ ಎಳೆಯದರಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ್ದರಲ್ಲಿ, ಸಯನೈಡ್ ವಿಷ ಇರುತ್ತದೆ. ಹೂವು ಬರುವ ಮೊದಲು ಹಸು ಬೇಲಿ ಹಾರಿ ಮೇಯ್ದರೆ ಗಂಟೆಯೊಳಗೆ ಬೀಳಬಹುದು. ಬೇಲಿ ಭದ್ರ ಇಲ್ಲದ ಗದ್ದೆಗೆ, ನೀರು ನಂಬಿಕೆಯಿಲ್ಲದ ಬಾವಿಗೆ ಅದು ಬೇಡ.

ನೇಪಿಯರ್ ಬಗ್ಗೆ. ಸಿಒ-4, ಸಿಒ-5 ತಳಿಗಳ ಇಳುವರಿ ಕೇಳಿ ಎಲ್ಲರೂ ಮರುಳಾಗುತ್ತಾರೆ. ಒಳ್ಳೆಯ ಹುಲ್ಲೇ. ಆದರೆ ಆ ಇಳುವರಿ ವರ್ಷವಿಡೀ ನೀರು, ಪ್ರತಿ ಕೊಯ್ಲಿಗೂ ಗೊಬ್ಬರ ಕೊಟ್ಟಾಗಿನದು. ನಮ್ಮಲ್ಲಿ ಮಳೆಗಾಲದಲ್ಲಿ ಅದು ಆಳೆತ್ತರ ಬರುತ್ತದೆ, ಆಗ ಹಸಿಹುಲ್ಲು ಎಲ್ಲೆಲ್ಲೂ ಇರುತ್ತದೆ. ಬೇಕಾದ ಬೇಸಿಗೆಯಲ್ಲಿ ನೀರಿಲ್ಲದೆ ಸುಮ್ನೆ ಕೂತಿರುತ್ತದೆ. ಹಾಗಂತ ಬೇಡವೇ ಬೇಡ ಅನ್ನುತ್ತಿಲ್ಲ. ನಿಮ್ಮ ಬಚ್ಚಲು ನೀರು, ಕೊಟ್ಟಿಗೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಆ ಕಾಲುವೆಯ ಎರಡೂ ಪಕ್ಕ ಎರಡು ಗೆಣ್ಣಿನ ತುಂಡುಗಳನ್ನು ಒಂದು ಗೆಣ್ಣು ಮಣ್ಣಿನೊಳಗೆ, ಒಂದು ಹೊರಗೆ ಇರುವಂತೆ ಓರೆಯಾಗಿ ನೆಡಿ. ಎರಡಡಿ ಅಂತರ ಇರಲಿ. ಅಲ್ಲಿಗೆ ಈಗಲೇ ನೆಡಬಹುದು. ಗದ್ದೆ ಬದು, ತೋಟದ ಅಂಚಿಗೆ ನೆಡುವುದಾದರೆ ಮೃಗಶಿರ ಮಳೆ ಕೂತ ಮೇಲೆ, ಜೂನ್‌ನಲ್ಲಿ. ಮೊದಲ ಕೊಯ್ಲು ಎಪ್ಪತ್ತೆಂಬತ್ತು ದಿನಕ್ಕೆ, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಅಡಿಕೆ ಮರದ ನೆರಳಿಗಾದರೆ ನೇಪಿಯರ್‌ಗಿಂತ ಗಿನಿ ಹುಲ್ಲು ವಾಸಿ, ನೆರಳು ತಡೆಯುತ್ತದೆ. ನೇಪಿಯರ್ ಒಂದನ್ನೇ ದಿನವೂ ಹಾಕಬೇಡಿ. ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೈಹುಲ್ಲಿಗೂ, ಅಂದರೆ ಭತ್ತದ ಒಣಹುಲ್ಲಿಗೂ, ಇದೇ ದೋಷ ಇದೆ. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ ಲವಣ ಮಿಶ್ರಣ ತಪ್ಪಿಸಬೇಡಿ.

ಜೋಳ ಎದ್ದ ಮೇಲೆ ಆ ಐದು ಗುಂಟೆ ಹಾಗೇ ಬಿಟ್ಟರೂ ಪರವಾಗಿಲ್ಲ. ಉಳಿದ ಗದ್ದೆಗೆ ಮೇ ತಿಂಗಳ ಮಳೆಗೆ ಹಸಿರು ಗೊಬ್ಬರಕ್ಕೆಂದು ಸೆಣಬು ಅಥವಾ ಡಯಂಚಾ ಚೆಲ್ಲಿ, ಎಕರೆಗೆ ಹತ್ತು-ಹನ್ನೆರಡು ಕೆಜಿ. ಭರಣಿ ಮಳೆ ಧರಣಿ ಬೆಳೆ ಅನ್ನುತ್ತಾರಲ್ಲ, ಭರಣಿ ಬಿದ್ದರೆ ಉತ್ತುಕೊಳ್ಳಿ, ಕೃತ್ತಿಕೆಗೆ ಬಿತ್ತಿ. ನಲವತ್ತೈದು ದಿನಕ್ಕೆ ಹೂವು ಬರುವ ಹೊತ್ತಿಗೆ ಮಗುಚಿದರೆ ಜುಲೈ ನಾಟಿಗೆ ಗದ್ದೆ ತಯಾರು.

ಈಗಿನಿಂದ ಜೋಳ ಬರುವವರೆಗೆ ಎರಡು ತಿಂಗಳು ಏನು ಹಾಕುವುದು? ಕೆಡದೆ ಉಳಿದ ಬೈಹುಲ್ಲಿಗೆ ಯೂರಿಯಾ ಹಾಕಿ ಹದ ಮಾಡಿ. 200 ಕೆಜಿ ಹುಲ್ಲಿಗೆ 8 ಕೆಜಿ ಯೂರಿಯಾ, 100–120 ಲೀಟರ್ ನೀರು. ಸಿಮೆಂಟ್ ನೆಲದ ಮೇಲೆ ಅಥವಾ ದಪ್ಪ ಪ್ಲಾಸ್ಟಿಕ್ ಹಾಸಿ ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಕರಗಿಸಿದ ಯೂರಿಯಾ ನೀರನ್ನು ಸಮನಾಗಿ ಚಿಮುಕಿಸಿ ಚೆನ್ನಾಗಿ ತುಳಿಯಿರಿ. ಗಾಳಿ ಆಡದಂತೆ ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಮಣ್ಣು ಹೇರಿ ಮೂರು ವಾರ ಬಿಡಿ. ತೆಗೆದಾಗ ಹುಲ್ಲು ಕಂದುಹಳದಿಯಾಗಿ ಮೆತ್ತಗಾಗಿರುತ್ತದೆ, ಮೂಗಿಗೆ ಅಮೋನಿಯಾ ಹೊಡೆಯುತ್ತದೆ. ದಿನಕ್ಕೆ ಬೇಕಾದಷ್ಟನ್ನು ಹಿಂದಿನ ದಿನವೇ ತೆಗೆದು ಗಾಳಿಗೆ ಹರಡಿಟ್ಟು, ಘಾಟು ಹೋದ ಮೇಲೆ ಹಾಕಿ. ಮೊದಲ ವಾರ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ಕಲಸಿದ ಬಕೆಟ್ ಅನ್ನು ಹಸು ನೆಕ್ಕುವ ಜಾಗದಲ್ಲಿ ಒಂದು ಕ್ಷಣವೂ ಇಡಬೇಡಿ, ಆ ನೀರು ಕುಡಿದರೆ ಪ್ರಾಣಕ್ಕೇ ಬರುತ್ತದೆ. ಇಂಥ ಎರಡು ರಾಶಿ ಮಾಡಿಕೊಂಡರೆ ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಹದಕ್ಕೆ ಬಂದಿರುತ್ತದೆ. ಬೂಷ್ಟು ಹಿಡಿದ ಹುಲ್ಲಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅದು ಹೋದದ್ದು ಹೋಯಿತು.

ಇನ್ನೊಂದು ಮೇವು ನಿಮ್ಮ ತೋಟದಲ್ಲೇ ಬೀಳುತ್ತಿದೆ, ಅಡಿಕೆ ಹಾಳೆ. ಈಗ ಉದುರುವ ಕಾಲ. ಬಿದ್ದ ದಿನವೇ ಹೆಕ್ಕಿ, ಉದ್ದುದ್ದಕ್ಕೆ ಸೀಳಿ, ಸಣ್ಣಗೆ ಕತ್ತರಿಸಿ ಹಾಕಿದರೆ ಬೈಹುಲ್ಲಿಗೆ ಏನೂ ಕಡಿಮೆಯಿಲ್ಲ. ಗಿಡ್ಡ ಅಂತೂ ಇಷ್ಟಪಟ್ಟು ತಿನ್ನುತ್ತದೆ. ಆದರೆ ಬೋರ್ಡೋ ಹೊಡೆದ ಮೇಲೆ ಬೀಳುವ ಹಾಳೆ ಬೇಡ, ಮೈಲುತುತ್ತದ ತಾಮ್ರ ಅಂಟಿರುತ್ತದೆ. ಜೊತೆಗೆ ಹಲಸಿನ ಸೊಪ್ಪು, ಗ್ಲಿರಿಸಿಡಿಯಾ ಸೊಪ್ಪು ದಿನಕ್ಕೊಂದು ಹೊರೆ. ಗ್ಲಿರಿಸಿಡಿಯಾ ಮೊದಲಿಗೆ ವಾಸನೆಗೆ ಮುಖ ತಿರುಗಿಸುತ್ತವೆ, ಅರ್ಧ ದಿನ ಬಾಡಿಸಿ ಹಾಕಿ ನೋಡಿ.

ಇನ್ನು ಹುಲ್ಲು ಕೊಯ್ಲು. ನಿಮ್ಮ ರೋಲ್ ಯಾಕೆ ಕೆಟ್ಟಿತು? ಮಿಷನ್ನು ಭತ್ತ ಕೊಯ್ಯುವಾಗ ಕಾಳು ಬಲಿತಿರುತ್ತದೆ, ಆದರೆ ದಂಟು ಹಸಿರಾಗೇ ಇರುತ್ತದೆ, ಅದರಲ್ಲಿ ಅರ್ಧಕ್ಕರ್ಧ ನೀರೇ. ಹಿಂದೆ ಕೈಯಲ್ಲಿ ಕೊಯ್ಯುವಾಗ ಅರಿ ಹಾಕಿ ಎರಡು ಮೂರು ದಿನ ಕೂಳೆ ಮೇಲೆ ಒಣಗಲು ಬಿಡುತ್ತಿದ್ದರು, ಆಮೇಲೆ ಹೊರೆ ಕಟ್ಟಿ ಕಣಕ್ಕೆ ತರುತ್ತಿದ್ದರು. ಮಿಷನ್ ಬಂದ ಮೇಲೆ ಆ ಒಣಗುವ ದಿನಗಳೇ ಮಾಯವಾದವು. ರೋಲ್ ಸುತ್ತುವ ಯಂತ್ರದ ಬೇಲರ್‌ನವರಿಗೆ ದಿನಕ್ಕೆ ಹತ್ತು ಗದ್ದೆ ಮುಗಿಸುವ ಅವಸರ. ಬೆಳಿಗ್ಗೆ ಎಂಟಕ್ಕೇ ಬಂದು, ಇಬ್ಬನಿ ತೊಟ್ಟಿಕ್ಕುವ ಹುಲ್ಲನ್ನು ಸುತ್ತಿ ಹಗ್ಗ ಕಟ್ಟಿ, ರೋಲ್ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಹಸಿ ಹುಲ್ಲು ತೂಕ ಜಾಸ್ತಿ ತೂಗುತ್ತದೆ, ನಮಗೂ ರೋಲ್ ಭಾರವಾಗಿದೆ ಅಂತ ಖುಷಿ. ಒಳಗೆ ಅದು ಬೆವರಿ, ಕಾದು, ತಿಂಗಳೊಳಗೆ ಬೂಷ್ಟಾಗುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಕೊಯ್ಲಿಗೆ ಹತ್ತು ಹದಿನೈದು ದಿನ ಮೊದಲೇ ಗದ್ದೆಯ ನೀರು ಬಿಡಿ. ಮಿಷನ್ ಡ್ರೈವರ್‌ಗೆ ಆದಷ್ಟು ಕೆಳಗೆ ಕೊಯ್ಯಲು, ಹುಲ್ಲು ಪುಡಿ ಮಾಡುವ ಭಾಗ ಇದ್ದರೆ ಅದನ್ನು ನಿಲ್ಲಿಸಲು ಹೇಳಿ. ಗಂಟೆ ಲೆಕ್ಕದ ಬಾಡಿಗೆ ಸ್ವಲ್ಪ ಏರುತ್ತದೆ, ಹುಲ್ಲಿನಲ್ಲಿ ಅದು ವಾಪಸ್ ಬರುತ್ತದೆ. ಸಾಲಾಗಿ ಬಿದ್ದ ಹುಲ್ಲನ್ನು ಎರಡು ಬಿಸಿಲು ಒಣಗಲು ಬಿಡಿ, ನಡುವೆ ಒಂದು ಸಲ ಕವೆಗೋಲಿನಲ್ಲಿ ಮಗುಚಿ. ಬೇಲರ್‌ನವರನ್ನು ಮಧ್ಯಾಹ್ನ ಹನ್ನೆರಡರ ಮೇಲೆ ಕರೆಯಿರಿ, ಸಂಜೆ ನಾಲ್ಕರೊಳಗೆ ಮುಗಿಯಲಿ. ಬರಲ್ಲ ಅಂದರೆ ಬಿಡಿ, ಇನ್ನೊಬ್ಬರು ಸಿಗುತ್ತಾರೆ. ಮೂರು ನಾಲ್ಕು ಮನೆಯವರು ಒಟ್ಟಾಗಿ ಕರೆದರೆ ನಿಮ್ಮ ಮಾತು ನಡೆಯುತ್ತದೆ. ಅದೂ ಆಗದಿದ್ದರೆ ಹತ್ತು ಗುಂಟೆಯಷ್ಟಾದರೂ ಕೈಯಲ್ಲಿ ಕೊಯ್ಯಿರಿ, ಗಬ್ಬದ ಹಸುವಿಗೆ, ಕರುವಿಗೆ ಆ ಹುಲ್ಲು ಇರಲಿ.

ಒಣಗಿತೋ ಇಲ್ಲವೋ ಎಂದು ತಿಳಿಯಲು ಕೈ ಸಾಕು. ಒಂದು ಹಿಡಿ ಹುಲ್ಲು ತೆಗೆದು ಹಗ್ಗ ಹೊಸೆಯುವಂತೆ ಎರಡೂ ಕೈಯಲ್ಲಿ ತಿರುಚಿ. ಗೆಣ್ಣಿನ ಹತ್ತಿರ ಹೆಬ್ಬೆರಳಿನ ಉಗುರು ಒತ್ತಿ. ತೇವ ಕಂಡರೆ, ಅಥವಾ ತಿರುಚಿದಾಗ ಮುರಿಯದೆ ಬಳುಕಿದರೆ ಇನ್ನೊಂದು ಬಿಸಿಲು ಬೇಕು. ಎಲೆ ಒಣಗಿ ಗರಗರ ಅಂದರೂ ಗೆಣ್ಣು ಮೋಸ ಮಾಡುತ್ತದೆ. ಇನ್ನೂ ಅನುಮಾನ ಇದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಒಣಗಿದ ಗಾಜಿನ ಬಾಟಲಿಗೆ ಸಣ್ಣಗೆ ಕತ್ತರಿಸಿದ ಹುಲ್ಲನ್ನು ಅರ್ಧ ತುಂಬಿ, ಒಂದು ಚಮಚ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಎರಡು ನಿಮಿಷ ಅಲ್ಲಾಡಿಸಿ. ಉಪ್ಪು ಬಿಡಿಬಿಡಿಯಾಗಿ ತಳಕ್ಕೆ ಉದುರಿದರೆ ಹುಲ್ಲಿನಲ್ಲಿ ನೀರು ಶೇ. 15ರ ಒಳಗಿದೆ, ಕೂಡಿಡಬಹುದು. ಉಂಡೆ ಕಟ್ಟಿ ಹುಲ್ಲಿಗೆ ಅಂಟಿದರೆ ಇಲ್ಲ. ನಮ್ಮ ಮಲೆನಾಡಿನ ಉಪ್ಪಿನ ಡಬ್ಬಿಯಲ್ಲಿ ಉಪ್ಪೇ ನೀರಾಗಿರುತ್ತದೆ, ಮೊದಲು ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿಕೊಳ್ಳಿ.

ಬ್ಯಾಣದ ಕರಡದ ಕಥೆ ಬೇರೆ. ಅಲ್ಲಿ ತಪ್ಪುತ್ತಿರುವುದು ತಿಂಗಳು. ಜನವರಿಗೆ ನಿಂತಲ್ಲೇ ಒಣಗಿದ ಕರಡ ಮನೆ ಹೊದೆಸಲು, ತೋಟಕ್ಕೆ ಮುಚ್ಚಲು ಚಂದ. ಮೇವಿಗಲ್ಲ. ಹುಲ್ಲು ಹೂವು ಬಿಡುವ ಹೊತ್ತಿಗೆ ಎಲೆಯಲ್ಲಿ ಸತ್ವ ಇರುತ್ತದೆ. ಬೀಜ ಕಟ್ಟಿದ ಮೇಲೆ ಸತ್ವ ಬೀಜಕ್ಕೂ ಬೇರಿಗೂ ಹೋಗಿ, ದಂಟು ಮರವಾಗುತ್ತದೆ. ಮೊನೆಯಿರುವ ಬೀಜ ಹಸುವಿನ ಬಾಯಿಗೂ ಚುಚ್ಚುತ್ತದೆ. ಹಸು ಮುಖ ತಿರುಗಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ಯಾವಾಗ? ಭೂಮಿ ಹುಣ್ಣಿಮೆಗೆ ಚರಗ ಬೀರಲು ಗದ್ದೆಗೆ ಹೋಗುತ್ತೀರಲ್ಲ, ಆಗ ಬ್ಯಾಣಕ್ಕೂ ಒಂದು ಸುತ್ತು ಹಾಕಿ. ಅರ್ಧದಷ್ಟು ಹುಲ್ಲು ತೆನೆ ತೋರಿಸಿದ್ದರೆ ಕತ್ತಿ ಮಸೆಯುವ ಕಾಲ. ಅಲ್ಲಿಂದ ದೀಪಾವಳಿ ಕಳೆದು ಒಂದೆರಡು ವಾರದವರೆಗೆ ಕೊಯ್ಲಿನ ಕಾಲ. ತೊಡಕು ಏನೆಂದರೆ ಆಗ ಚಿತ್ತೆ, ಸ್ವಾತಿ ಮಳೆ ಇನ್ನೂ ಮುಗಿದಿರುವುದಿಲ್ಲ. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ಮೂರು ಗಂಟೆಗೆ ಗುಡುಗು. ಜನ ಜನವರಿಗೆ ಕಾಯುವುದು ಇದಕ್ಕೇ, ಅವರನ್ನು ದೂರುವಂತಿಲ್ಲ. ನನ್ನ ಸಲಹೆ ಇಷ್ಟೇ: ಎರಡು ಎಕರೆಯನ್ನೂ ಒಟ್ಟಿಗೆ ಕೊಯ್ಯಬೇಡಿ. ಹವಾಮಾನ ತಿಳಿಸುವ ಮೇಘದೂತ್ ಆ್ಯಪ್ ನೋಡಿ, ಇಲ್ಲವೇ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ. ಮೂರು ದಿನ ಒಣ ಹವೆ ಅಂದಾಗ ಇಬ್ಬರು ಒಂದೇ ದಿನದಲ್ಲಿ ಕೊಯ್ಯಬಹುದಾದ ಜಾಗ ಮಾತ್ರ ಕೊಯ್ಯಿರಿ. ಮಳೆ ಕೈಕೊಟ್ಟರೂ ಹೋಗುವುದು ಆ ತುಂಡು ಮಾತ್ರ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಬುಡದಿಂದ ಮೂರು-ನಾಲ್ಕು ಇಂಚು ಬಿಟ್ಟು ಕೊಯ್ಯಿರಿ, ಬುಡ ಬೋಳಿಸಿದರೆ ಮುಂದಿನ ವರ್ಷ ಹುಲ್ಲಿನ ಜಾಗಕ್ಕೆ ಯುಪಟೋರಿಯಂ ಕಳೆ ಬರುತ್ತದೆ. ಕಳೆ ಕೊಚ್ಚುವ ಯಂತ್ರ ಬಳಸುವುದಾದರೆ ದಾರದ ಬದಲು ಬ್ಲೇಡ್ ಹಾಕಿ, ದಾರ ಹುಲ್ಲನ್ನು ಚಿಂದಿ ಮಾಡುತ್ತದೆ. ಮೊದಲ ದಿನ ತೆಳ್ಳಗೆ ಹರಡಿ, ಸಂಜೆ ಇಬ್ಬನಿ ಬೀಳುವ ಮೊದಲು ಸಣ್ಣ ಸಣ್ಣ ಗುಪ್ಪೆ ಮಾಡಿ, ಮರುದಿನ ಹತ್ತು ಗಂಟೆಗೆ ಮತ್ತೆ ಹರಡಿ. ಚೆನ್ನಾಗಿ ಒಣಗಿದ ಹುಲ್ಲು ಹಸಿರು ಛಾಯೆಯಲ್ಲೇ ಇರುತ್ತದೆ. ಪೂರ್ತಿ ಬಿಳಿಚಿಕೊಂಡರೆ ಬಿಸಿಲು ಜಾಸ್ತಿಯಾಯಿತು ಅಂತ ಅರ್ಥ.

ಇಲ್ಲೊಂದು ಗಂಭೀರ ಮಾತು. ನಮ್ಮ ಜಿಲ್ಲೆಯಲ್ಲಿ ಹುಲ್ಲು, ದರಗು (ಉದುರಿದ ಒಣ ಎಲೆ), ಸೊಪ್ಪಿನ ಕೆಲಸದ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಹರಡುವುದು ಉಣುಗಿನಿಂದ (ಉಣ್ಣೆ). ಮರಿ ಉಣುಗುಗಳ ಕಾಟ ನವೆಂಬರ್-ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಎಳ್ಳಿನಷ್ಟು ಸಣ್ಣವು, ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ಕರಡವನ್ನು ಬೇಗ ಕೊಯ್ಯಿರಿ ಅನ್ನುವುದಕ್ಕೆ ಇದೂ ಒಂದು ಕಾರಣ. ಕಾಡಂಚಿನ ಬ್ಯಾಣಕ್ಕೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ತುಂಬು ತೋಳಿನ ಅಂಗಿ, ಪ್ಯಾಂಟಿನ ಮೇಲೆ ಕಾಲುಚೀಲ ಇರಲಿ. ದರಗಿನ ಮೇಲೆ ಕೂತು ಊಟ ಮಾಡುವುದು, ಹುಲ್ಲಿನ ಹೊರೆಯನ್ನೇ ದಿಂಬು ಮಾಡಿಕೊಂಡು ಮಲಗುವುದು ಬೇಡ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಾಡಿಗೆ ಹೋಗಿ ಬರುವ ಹಸುಗಳೂ ಉಣುಗು ಹೊತ್ತು ತರುತ್ತವೆ, ಅದಕ್ಕೆ ಪಶುವೈದ್ಯರು ಹೇಳಿದ ಔಷಧಿ ಹಾಕಿಸಿ. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಆ ಕಡೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹುಲ್ಲಿನ ಕೆಲಸದ ನಂತರ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮನೆಯಲ್ಲಿ ಮಲಗಬೇಡಿ. ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ.

ಬಣವೆ ಹಾಕುವ ಜಾಗ ಎತ್ತರದಲ್ಲಿರಲಿ. ಕೊಟ್ಟಿಗೆಯಿಂದ, ಕರೆಂಟ್ ತಂತಿಯಿಂದ ದೂರ. ಕೆಳಗೆ ಕಲ್ಲು ಜೋಡಿಸಿ ಅದರ ಮೇಲೆ ಅಡಿಕೆ ದಬ್ಬೆ ಹಾಸಿ ಒಂದೂವರೆ ಅಡಿ ಎತ್ತರಿಸಿ. ಒರಲೆ ಹತ್ತುವುದು ತಪ್ಪುತ್ತದೆ, ಕೆಳಗಿನಿಂದ ಗಾಳಿಯಾಡುತ್ತದೆ. ಒಟ್ಟುವಾಗ ನಡುಭಾಗ ಯಾವಾಗಲೂ ಅಂಚಿಗಿಂತ ಎತ್ತರ ಇರಬೇಕು, ಹುಲ್ಲಿನ ಬುಡ ಹೊರಗೆ ಕೆಳಮುಖವಾಗಿರಬೇಕು. ಆಗ ಬಿದ್ದ ನೀರು ಹೊರಗೇ ಜಾರುತ್ತದೆ. ನಡು ತಗ್ಗಿದರೆ ನೀರೆಲ್ಲ ಬಣವೆಯ ಹೊಟ್ಟೆಗೆ. ಟಾರ್ಪಾಲನ್ನು ಹುಲ್ಲಿಗೇ ತಾಗುವಂತೆ ಬಿಗಿದರೆ ಒಳಗಿನ ಆವಿ ಮೇಲೆ ತಗುಲಿ ಹನಿಯಾಗಿ ಮತ್ತೆ ಹುಲ್ಲಿಗೇ ಬೀಳುತ್ತದೆ. ಎರಡು ಬಿದಿರು ಅಡ್ಡ ಹಾಕಿ ಸಂದು ಬಿಡಿ. ರೋಲ್‌ಗಳಾದರೆ ತಗಡಿನ ಸೂರಿನಡಿ, ದಬ್ಬೆ ಮೇಲೆ, ಗೋಡೆಗೆ ತಾಗದಂತೆ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆ ಕಡೆಯಷ್ಟಲ್ಲದಿದ್ದರೂ ನಿಮ್ಮ ಹೊಸನಗರದ ಮಳೆಗೆ ಬಯಲುಸೀಮೆಯವರ ಬಣವೆ ತಡೆಯುವುದಿಲ್ಲ.

ಒಟ್ಟಿದ ಮೊದಲ ಮೂರು ವಾರ ಎಚ್ಚರ ಬೇಕು. ಉದ್ದನೆಯ ಕಬ್ಬಿಣದ ಸರಳನ್ನು ಬಣವೆಯ ನಡುವಿಗೆ ಚುಚ್ಚಿ ಅರ್ಧ ಗಂಟೆ ಬಿಟ್ಟು ಎಳೆಯಿರಿ. ತುದಿ ಬೆಚ್ಚಗಿದ್ದರೆ ಪರವಾಗಿಲ್ಲ. ಹಿಡಿಯಲಾಗದಷ್ಟು ಸುಟ್ಟರೆ ತಡಮಾಡದೆ ಬಿಚ್ಚಿ ಹರಡಿ. ಹಸಿ ಒಟ್ಟಿದ ಬಣವೆಗೆ ಯಾರೂ ಬೆಂಕಿ ಹಚ್ಚಬೇಕಿಲ್ಲ, ತಾನೇ ಹತ್ತಿಕೊಳ್ಳುತ್ತದೆ. ಬಿಚ್ಚುವಾಗ ನೀರಿನ ಪೈಪ್ ಪಕ್ಕದಲ್ಲಿರಲಿ, ಗಾಳಿ ತಾಗಿದ ಕೂಡಲೇ ಹೊಗೆ ಬೆಂಕಿಯಾಗಬಹುದು.

ಬ್ಯಾಣ ಸುಧಾರಿಸಲು ದುಡ್ಡು ಸುರಿಯಬೇಕಿಲ್ಲ. ಮೇ ತಿಂಗಳಲ್ಲಿ ಮೊದಲ ಮಳೆಗೆ ನೆಲ ಮೆದುವಾದಾಗ ಯುಪಟೋರಿಯಂ, ಲಂಟಾನಾ ಬೇರುಸಹಿತ ಕೀಳಿ. ಖಾಲಿಯಾದ ಜಾಗಕ್ಕೆ ಸ್ಟೈಲೋ ಬೀಜ ಎರಚಿ, ಎಕರೆಗೆ ಎರಡರಿಂದ ಎರಡೂವರೆ ಕೆಜಿ, ಮರಳಲ್ಲಿ ಬೆರೆಸಿ. ಅದರ ಸಿಪ್ಪೆ ಗಟ್ಟಿ, ಕುದಿ ಇಳಿದ ಬಿಸಿನೀರಿನಲ್ಲಿ ಮೂರ್ನಾಲ್ಕು ನಿಮಿಷ ಅದ್ದಿ, ರಾತ್ರಿ ತಣ್ಣೀರಿನಲ್ಲಿ ನೆನೆಸಿ ಬಿತ್ತಿ. ಇದು ದ್ವಿದಳ ಜಾತಿ, ಕರಡದ ಜೊತೆ ಬೆಳೆದರೆ ನಿಮ್ಮ ಒಣಹುಲ್ಲಿನ ಸತ್ವ ಏರುತ್ತದೆ. ಜೂನ್‌ನಿಂದ ಕೊಯ್ಲಿನವರೆಗೆ ಬ್ಯಾಣಕ್ಕೆ ದನ ಬಿಡಬೇಡಿ. ಬೆಂಕಿ ಕೊಟ್ಟರೆ ಚಿಗುರು ಚೆನ್ನಾಗಿ ಬರುತ್ತದೆ ಎನ್ನುವ ನಂಬಿಕೆ ಹಳೆಯದು. ಬರುತ್ತದೆ ಕೂಡ, ಹದಿನೈದು ದಿನದ ಮಟ್ಟಿಗೆ. ಮಳೆಗೆ ಆ ಬೋಳು ಇಳಿಜಾರಿನ ಮಣ್ಣು ನಿಮ್ಮ ಬಾವಿಗೂ ತೋಟಕ್ಕೂ ಇಳಿಯುತ್ತದೆ. ಬೆಂಕಿ ಬೇಡ. ಸುತ್ತ ಎರಡು ಮಾರು ಅಗಲ ಸವರಿ ಬೆಂಕಿ ದಾಟದಂತೆ ನೋಡಿಕೊಳ್ಳಿ.

ಇನ್ನೊಂದು ಹಸು ತರುವ ವಿಷಯ. ಈ ವರ್ಷ ಬೇಡ. ಬರುವ ಡಿಸೆಂಬರ್‌ನಲ್ಲಿ ಎಷ್ಟು ಹುಲ್ಲು ಒಟ್ಟಿದಿರಿ ಎಂದು ತೂಕದಲ್ಲಿ ಬರೆದಿಡಿ. ರೋಲ್ ಎಣಿಸಬೇಡಿ, ನಾಲ್ಕೈದು ರೋಲ್ ತೂಗಿ ಸರಾಸರಿ ಹಿಡಿಯಿರಿ. ಮುಂದಿನ ವರ್ಷ ಆರಿದ್ರಾ ಮಳೆ ಹಿಡಿದ ದಿನ ಬಣವೆಯಲ್ಲಿ ಎಷ್ಟು ಉಳಿದಿದೆ ನೋಡಿ. ಒಂದು ಟನ್ನಿಗೂ ಮೇಲೆ ಒಳ್ಳೆಯ ಹುಲ್ಲು ಉಳಿದಿದ್ದರೆ ಆಗ ಯೋಚಿಸಬಹುದು. ಆಗಲೂ ಮೂರನೇ ಜರ್ಸಿಗಿಂತ ಇನ್ನೊಂದು ಗಿಡ್ಡವನ್ನೇ ನೋಡಿ ಅನ್ನುತ್ತೇನೆ. ಹಾಲು ಎರಡು ಮೂರು ಲೀಟರ್ ಅಷ್ಟೇ, ನಿಜ. ಆದರೆ ಒಂದು ಜರ್ಸಿ ತಿನ್ನುವ ಹುಲ್ಲಿನಲ್ಲಿ ಮೂರು ಗಿಡ್ಡ ಸಾಕಬಹುದು, ನಮ್ಮ ಮಳೆ, ನಮ್ಮ ಗುಡ್ಡ ಅವಕ್ಕೆ ಗೊತ್ತು. ಒಣಹುಲ್ಲು ಕೊಳ್ಳಲೇಬೇಕಾಗಿ ಬಂದರೆ ಕೊಯ್ಲು ಮುಗಿದ ಜನವರಿಯಲ್ಲೇ ಕೊಂಡಿಡಿ, ಏಪ್ರಿಲ್‌ವರೆಗೆ ಕಾದರೆ ಅದೇ ಹುಲ್ಲಿಗೆ ಜಾಸ್ತಿ ಕೊಡಬೇಕಾಗುತ್ತದೆ. ಕೊಳ್ಳುವಾಗ ಒಂದು ರೋಲನ್ನು ಅಲ್ಲೇ ಬಿಚ್ಚಿಸಿ ನಡುವಿಗೆ ಕೈ ಹಾಕಿ ನೋಡಿ. ಬಿಚ್ಚಲು ಒಪ್ಪದವರ ಹತ್ತಿರ ಕೊಳ್ಳಬೇಡಿ.